ತೊಳೆದು ಕೊಟ್ಟ ಡಬ್ಬಿ

ಗೆಳೆತನವೂ ಕಲಿಸಿದರೆ ಬರುವ ವಿದ್ಯೆ ಎಂದು ಶಿವಯೋಗಿಗೆ ಹಳಿಯಾಳಕ್ಕೆ ಹೋಗಿ ಬರುವತನಕ ಗೊತ್ತಿರಲಿಲ್ಲ. ಹೋಗಿ ಬಂದ ಮೇಲೆ ಅವನಿಗೂ ನಿದ್ದೆ ಇಲ್ಲ, ದಾಂಡೇಲಿಯ ಅಂಬೇವಾಡಿಗೂ ನೆಮ್ಮದಿ ಇಲ್ಲ.

ಹೋದದ್ದಾದರೂ ಅವನ ಇಚ್ಛೆಯಿಂದಲ್ಲ. ಹಳಿಯಾಳದ ಒಂದು ಮಂಗಲ ಕಾರ್ಯಾಲಯದಲ್ಲಿ ‘ಗಟ್ಟಿ ಗೆಳೆತನ ಕಟ್ಟುವುದು ಹೇಗೆ’ ಎಂಬ ಒಂದು ದಿನದ ಶಿಬಿರವಿದೆ, ಖಾತೆಗೊಬ್ಬರಂತೆ ಯಾರಾದರೂ ಹೋಗಿ ಬರಲಿ ಎಂದು ಅವನು ಕೆಲಸ ಮಾಡುವ ಕಾಗದದ ಮಿಲ್ಲಿನಲ್ಲಿ ಸುದ್ದಿ ಬಂತು. ಬಂದೊಡನೆ ಅವನ ಖಾತೆಯವರ ಮಕ್ಕಳಿಗೆಲ್ಲ ಒಮ್ಮೆಲೇ ಜ್ವರ ಬಂತು. ಮಕ್ಕಳಿಲ್ಲದವರಿಗೆ ಸ್ವತಃ ಬಂತು. ಆರೋಗ್ಯವಾಗಿ ಉಳಿದವನು ಶಿವಯೋಗಿ ಒಬ್ಬನೇ. ಅವನು ಕೇಳಿದ್ದೂ ಒಂದೇ ಪ್ರಶ್ನೆ: "ಊಟ ಅಲ್ಲೇ ಐತೇನ್ರಿ?" ಇದೆ ಅಂದರು. ಜಿಲೇಬಿಯೂ ಇದೆ ಎಂದು ಯಾರೋ ಸೇರಿಸಿದರು. ಅಲ್ಲಿಗೆ ಅವನ ಗ್ರಹಚಾರ ಕೂಡಿ ಬಂತು.

ಶಿಬಿರ ನಡೆಸಿದವನು ಹುಬ್ಬಳ್ಳಿಯಿಂದ ಬಂದ ವೀರೇಶ ಎಂಬ ತರುಣ. ಕಿವಿಗೆ ಸಿಕ್ಕಿಸಿಕೊಂಡ ಮೈಕು, ಅಂಗಿಯ ಮೇಲೊಂದು ಜಾಕೀಟು. ನಡುವಯಸ್ಸಿನ ಗಂಡಸರನ್ನು ಕೈ ಕೈ ಹಿಡಿಸಿ ಕಣ್ಣು ಮುಚ್ಚಿಸಿದ. ನೂಲಿನ ಉಂಡೆಯನ್ನು ಒಬ್ಬರ ಮೇಲೊಬ್ಬರು ಎಸೆಯುವಂತೆ ಮಾಡಿ, ಎಲ್ಲರೂ ಗಂಟುಬಿದ್ದ ಮೇಲೆ "ಇದೇ ಸಂಬಂಧ" ಎಂದ. ಜಿಲೇಬಿಯಾದ ಮೇಲೆ ಮುಖ್ಯ ಪಾಠ ಹೇಳಿದ: "ಗೆಳೆತನ ವ್ಯಾಪಾರವಲ್ಲ. ಕೊಟ್ಟದ್ದಕ್ಕೆ ತಿರುಗಿ ಕೊಡುವ ಲೆಕ್ಕ ಎಲ್ಲಿ ಶುರುವಾಗುತ್ತದೋ ಅಲ್ಲಿ ಗೆಳೆತನ ಮುಗಿಯುತ್ತದೆ. ಮನಸ್ಸಿನಲ್ಲಿದ್ದದ್ದನ್ನು ಬಾಯಿ ಬಿಟ್ಟು ಹೇಳಿ. ಗೆಳೆಯನಿಗೆ ಅವನದೇ ಜಾಗ ಬಿಟ್ಟುಕೊಡಿ."

ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಔಷಧಿಯಲ್ಲೂ ತಪ್ಪಿರುವುದಿಲ್ಲ. ಗಟ್ಟಿಮುಟ್ಟಾಗಿರುವವನು ಇಡೀ ಬಾಟಲಿ ಎತ್ತಿ ಕುಡಿದರೆ ಡಾಕ್ಟರು ಏನು ಮಾಡಬೇಕು?

ಏಕೆಂದರೆ ಶಿವಯೋಗಿಗೆ ಗೆಳೆಯನೆಂಬುವನು ಇದ್ದದ್ದು ಒಬ್ಬನೇ, ಪಕ್ಕದ ಮನೆಯ ಬಂದೇನವಾಜ. ಬೈಕು, ಪಂಪು, ಟಿಲ್ಲರು, ಏನು ಕೆಟ್ಟರೂ ಬಿಚ್ಚಿ ಹರವಿಕೊಂಡು ಕೂರುವ ಮೆಕ್ಯಾನಿಕ್. ಶಿವಯೋಗಿಯ ಅಪ್ಪ ಧಾರವಾಡದ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಮಿಲ್ಲಿನ ಕೆಲಸಕ್ಕೆ ಬಂದಾಗಿನಿಂದ ಎರಡೂ ಮನೆಗೂ ನಡುವಿನ ಗೋಡೆ ಒಂದೇ. ಇಬ್ಬರೂ ದಿನಾ ಸಂಜೆ ಒಂದು ಚಹಾ ತರಿಸಿ ಎರಡು ಕಪ್ಪಿಗೆ ಹಾಕಿಕೊಂಡು, ಯಾವುದರಲ್ಲಿ ಜಾಸ್ತಿ ಬಿತ್ತೆಂದು ಜಗಳಾಡುತ್ತಿದ್ದರು. ಇದಕ್ಕೆ ಗೆಳೆತನ ಅನ್ನುತ್ತಾರೆಂದು ಇಬ್ಬರಿಗೂ ಹೊಳೆದಿರಲೇ ಇಲ್ಲ. ಹಳಿಯಾಳದಿಂದ ಮರಳುವ ಬಸ್ಸಿನಲ್ಲಿ ಶಿವಯೋಗಿಗೆ ಮೊದಲ ಸಲ ಹೆದರಿಕೆ ಹುಟ್ಟಿತು. ಇಷ್ಟು ವರ್ಷ ಮಾಡಿದ್ದು ಗೆಳೆತನವೋ ಬರೀ ರೂಢಿಯೋ? ಅದು ಗಟ್ಟಿಯಿದೆಯೋ ಒಳಗೇ ಗೆದ್ದಲು ಹಿಡಿದಿದೆಯೋ?

ಬಸ್ಸಿಳಿದು ಸೀದಾ ಗ್ಯಾರೇಜಿಗೆ ಹೋದ. ಬಂದೇನವಾಜ ಶಿವಯೋಗಿಯದೇ ಹಳೆಯ ಮೊಪೆಡ್ಡಿನ ಬ್ರೇಕು ಬಿಗಿಮಾಡಿ, "ತಗೊಂಡು ಹೋಗಲೇ, ಮತ್ತ ಯಾರದರ ಎಮ್ಮಿಗೆ ಗುದ್ದಬ್ಯಾಡ" ಎಂದು ಕೈ ಒರೆಸಿಕೊಳ್ಳುತ್ತಿದ್ದ. ಶಿವಯೋಗಿ ಅವನೆದುರು ನೆಟ್ಟಗೆ ನಿಂತು, ಎರಡೂ ಕೈಯಿಂದ ಅವನ ಎಣ್ಣೆಗೈಯನ್ನು ಹಿಡಿದುಕೊಂಡ.

"ಬಂದೇನವಾಜ, ನೀ ನನ್ನ ಜೀವನದಾಗ ಇರೋದಕ್ಕ ನಾ ಹೃತ್ಪೂರ್ವಕ ಧನ್ಯವಾದ ಹೇಳ್ತೇನಿ."

ಬಂದೇನವಾಜ ಅವನ ಹಣೆ ಮುಟ್ಟಿ ನೋಡಿದ. "ಹಳ್ಯಾಳದಾಗ ಏನ ತಿಂದಿ?"

"ಜಿಲೇಬಿ."

"ಎಣ್ಣಿ ಛಲೋ ಇರಲಿಕ್ಕಿಲ್ಲ ಬಿಡು" ಎಂದು ಅವನೇ ಮೊಪೆಡ್ಡನ್ನು ಮನೆಯವರೆಗೆ ತಳ್ಳಿಕೊಂಡು ಬಂದು, ಇವನನ್ನು ಮಂಚದ ಮೇಲೆ ಕೂರಿಸಿ ಹೋದ.

ಇಷ್ಟಕ್ಕೇ ನಿಂತಿದ್ದರೆ ಜಿಲೇಬಿಯ ತಲೆಗೆ ಕಟ್ಟಿ ಮರೆಯಬಹುದಿತ್ತು. ಆದರೆ ಹೊಸ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಮರುದಿನ ಬೆಳಿಗ್ಗೆಯೇ ಅಂಬೇವಾಡಿಯ ಹಿತಚಿಂತಕರ ಸಂಘದ ಕಾರ್ಯದರ್ಶಿ ಅಡಿವೆಯ್ಯ ಬಂದು ಬಾಗಿಲಲ್ಲಿ ನಿಂತ. ಬರುವ ರವಿವಾರ ಸಂಘದ ಕಾರ್ಯಕ್ರಮ. ಕಣ್ಣಿನ ತಪಾಸಣೆ ಮಾಡುತ್ತೇನೆಂದಿದ್ದ ಡಾಕ್ಟರು ಕೈ ಕೊಟ್ಟಿದ್ದರು.

"ಶಿವಯೋಗಿಯವ್ರ, ನೀವು ತರಬೇತಿ ಆಗಿ ಬಂದೀರಂತ. ರವಿವಾರ ನೀವ ಮಾತಾಡ್ರಿ. ಖುರ್ಚಿ ಹೇಳಿಬಿಟ್ಟೇನ್ರಿ, ಈಗ ಬ್ಯಾಡಂದ್ರ ಪೆಂಡಾಲದಾಂವ ಕೇಳೂದಿಲ್ಲ."

"ನಾನ? ಭಾಷಣ?"

"ಗೆಳೆತನದ ಮ್ಯಾಲೆ ನಿಮಗಿಂತ ಯಾರ ಅದಾರ್ರಿ? ಬಂದೇನವಾಜಣ್ಣನ್ನ ಬಾಜೂಕ ಕುಂದರಸ್ಕೋರಿ. ಮಂದಿಗೆ ತೋರಿಸೂಣು, ಗೆಳೆತನ ಅಂದ್ರ ಹೆಂಗಿರಬೇಕು ಅಂತ."

ಶಿವಯೋಗಿಯ ಎದೆ ಒಮ್ಮೆ ಉಬ್ಬಿತು, ಮರುಕ್ಷಣವೇ ಕುಸಿಯಿತು. ಊರಿಗೆ ಕಲಿಸುವವನ ಗೆಳೆತನದಲ್ಲಿ ಹುಳುಕಿರಬಾರದು. ಎಲ್ಲಿದೆ ಹುಳುಕು ಎಂದು ಮನೆಯೊಳಗೆ ಹಿಂದೆ ಮುಂದೆ ಓಡಾಡಿದ. ಕೂತ, ಎದ್ದ, ನೀರು ಕುಡಿಯಲೆಂದು ಅಡಿಗೆಮನೆಗೆ ಹೋದ. ಅಲ್ಲಿ ಕಟ್ಟೆಯ ಮೇಲೆ ಒಂದು ಸ್ಟೀಲಿನ ಡಬ್ಬಿ ಕೂತಿತ್ತು.

ಆ ಡಬ್ಬಿಯ ವಿಷಯ ಹೇಳಬೇಕು. ಅದು ಮೂಲತಃ ಯಾರ ಮನೆಯದೆಂದು ಈಗ ಯಾರಿಗೂ ನೆನಪಿಲ್ಲ. ರಮಜಾನ್ ಹಬ್ಬಕ್ಕೆ ಬಂದೇನವಾಜನ ಹೆಂಡತಿ ಗುಲ್ಶನ ಅದರ ತುಂಬ ಹಾಲು-ಶಾವಿಗೆಯ ಸುರಕುಂಬಾ ಕಳಿಸಿದರೆ, ಶಿವಯೋಗಿಯ ಹೆಂಡತಿ ಜ್ಯೋತಿ ಅದರಲ್ಲಿ ಶೇಂಗಾ ಉಂಡಿ ತುಂಬಿ ತಿರುಗಿ ಕೊಡುವಳು. ಪಂಚಮಿಗೆ ಅಳ್ಳಿಟ್ಟು ಹೋದರೆ ಆ ಕಡೆಯಿಂದ ಖೀರು ಬರುವುದು. ಏನೂ ಇಲ್ಲದ ದಿನ ಚಿಟಿಕೆ ಸಕ್ಕರೆಯಾದರೂ ತಳದಲ್ಲಿರಬೇಕು. ಹೀಗೇ ಆ ಡಬ್ಬಿ ಎರಡು ಮನೆಯ ನಡುವೆ ಓಡಾಡುತ್ತ ಇತ್ತು, ಬರಿದಾಗಿ ಎಂದೂ ಹೊಸ್ತಿಲು ದಾಟಿರಲಿಲ್ಲ. ಈ ಸಲದ ಹಬ್ಬ ಮುಗಿದ ಮೇಲೆ ಜ್ಯೋತಿ ಮುಂಡಗೋಡದ ಹತ್ತಿರದ ಇಂದೂರಿಗೆ, ಬಾಣಂತಿ ತಂಗಿಯನ್ನು ನೋಡಲು ಹೋಗಿದ್ದಳು. ಹೋಗುವಾಗ, "ಡಬ್ಬಿ ಅಲ್ಲೇ ಇರಲಿ, ನಾ ಬಂದು ಉಂಡಿ ಕಟ್ಟಿ ಕೊಡ್ತೇನಿ, ನೀವು ಮುಟ್ಟಬ್ಯಾಡ್ರಿ" ಎಂದು ಹೇಳಿಯೂ ಇದ್ದಳು.

ಹೆಂಡತಿ ಮುಟ್ಟಬೇಡ ಅಂದದ್ದನ್ನು ಮುಟ್ಟುವುದಕ್ಕೆ ಗಂಡಸಿಗೆ ತರಬೇತಿ ಬೇಕಿಲ್ಲ. ಶಿವಯೋಗಿಗೆ ಅದೂ ಆಗಿತ್ತು. ಕೊಟ್ಟದ್ದಕ್ಕೆ ತಿರುಗಿ ಕೊಡುವ ಲೆಕ್ಕ! ಹುಳುಕು ಕಣ್ಣೆದುರೇ ಹೊಳೆಯುತ್ತಿತ್ತು. ಇಷ್ಟು ವರ್ಷ ತಾವು ನಡೆಸಿದ್ದು ಉಂಡಿ-ಖೀರಿನ ವ್ಯಾಪಾರ!

ಅವನು ಅರೆಮನಸ್ಸಿನ ಮನುಷ್ಯನಲ್ಲ. ಬೂದಿ ಹಚ್ಚಿ, ಹುಣಸೆಹಣ್ಣು ಹಚ್ಚಿ, ಮುಖ ಕಾಣುವ ಹಾಗೆ ಡಬ್ಬಿಯನ್ನು ತಿಕ್ಕಿದ. ಒರೆಸಿದ. ಪಕ್ಕದ ಮನೆಗೆ ಹೋಗಿ, ಎಂದೂ ಇಲ್ಲದೆ ತೆರೆದ ಬಾಗಿಲನ್ನೇ ಬಡಿದು, "ಒಳಗ ಬರಬಹುದೇನ್ರಿ ಭಾಭಿ?" ಎಂದ. ಗುಲ್ಶನ ಗಾಬರಿಯಾಗಿ ಹೊರಗೆ ಬಂದಳು. ಅವನು ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಕೊಟ್ಟ.

"ಇನ್ನ ಮ್ಯಾಲೆ ನಮ್ಮ ನಿಮ್ಮ ನಡುವ ಕೊಡೂದು ತಗೊಳ್ಳೂದು ಏನೂ ಬ್ಯಾಡ್ರಿ ಭಾಭಿ. ಇಲ್ಲಿತನಕ ಆದದ್ದಕ್ಕ ಧನ್ಯವಾದ."

ಇಷ್ಟು ಹೇಳಿ ಹಗುರಾಗಿ ಮನೆಗೆ ಬಂದ. ಅವನ ಬೆನ್ನ ಹಿಂದೆ ಗುಲ್ಶನ ಮುಚ್ಚಳ ತೆಗೆದು ನೋಡಿದಳು. ಮುಚ್ಚಿದಳು. ಕಣ್ಣು ತಪ್ಪಿರಬಹುದೆಂದು ಮತ್ತೆ ತೆಗೆದಳು, ಬೋರಲು ಹಾಕಿ ಅಲ್ಲಾಡಿಸಿದಳು. ಒಳಗೆ ಅವಳ ಮುಖವೊಂದು ಬಿಟ್ಟು ಏನೂ ಇರಲಿಲ್ಲ.

"ಯಾ ಅಲ್ಲಾ, ನಾವೇನ ತಪ್ಪ ಮಾಡೇವಿ?" ಎಂದು ಅಲ್ಲೇ ಕಟ್ಟೆಯ ಮೇಲೆ ಕುಸಿದಳು.

ಎದುರು ಮನೆಯ ಕಾಶೆವ್ವ ಇದನ್ನೆಲ್ಲ ನೋಡುತ್ತ ಕೂತಿದ್ದಳು. ವಯಸ್ಸಾಗಿ ಮೊಣಕಾಲು ಹಿಡಿದಿದ್ದರೂ ಸುದ್ದಿ ಮುಟ್ಟಿಸುವ ಕೆಲಸಕ್ಕೆ ಮೊಣಕಾಲು ಬೇಕಾಗುವುದಿಲ್ಲ. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಬಾಯಿ ಅವಳದು. ಮಧ್ಯಾಹ್ನಕ್ಕೆ ಶಿವಯೋಗಿ ಡಬ್ಬಿ ಖಾಲಿ ಕೊಟ್ಟಿದ್ದ. ಸಂಜೆಗೆ ಡಬ್ಬಿಯನ್ನು ಹೊಸ್ತಿಲ ಮೇಲೆ ಕುಕ್ಕಿದ್ದ. ದೀಪ ಹಚ್ಚುವ ಹೊತ್ತಿಗೆ ಡಬ್ಬಿಯನ್ನು ಗುಲ್ಶನಳ ಮೇಲೆಯೇ ಎಸೆದಿದ್ದ, ಅವಳು ಬಗ್ಗಿದ್ದರಿಂದ ಬಚಾವಾಗಿದ್ದಳು. ಕಾರಣವೇನೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟರು. ಎರಡು ಮನೆಯ ದೇವರು ಬೇರೆ ಬೇರೆ ಎಂಬುದು ಅಂಬೇವಾಡಿಗೆ ಆ ದಿನ ಹೊಸದಾಗಿ ನೆನಪಾಯಿತು. ಒಳ್ಳೆಯ ಜನವೇ. ಆದರೆ ಒಳ್ಳೆಯ ಜನಕ್ಕೂ ಮಾತಾಡಲು ಏನಾದರೂ ಬೇಕಲ್ಲ.

ಬಂದೇನವಾಜ ಮಾತಾಡಲಿಲ್ಲ. ಮರುದಿನ ಅವನ ಹಿರಿಯ ಮಗ ಫಿರೋಜ ಸಾಮಾನು ಹೊತ್ತುಕೊಂಡು ಬಂದ. ಶಿವಯೋಗಿಯ ಮನೆಯಿಂದ ಎಂದೆಂದೋ ಒಯ್ದಿದ್ದ ಏಣಿ, ಛತ್ರಿ, ಮಿಕ್ಸರಿನ ಒಂದು ಜಾರು, ಶಿವಯೋಗಿಯ ಅಪ್ಪ ತಂದಿದ್ದ ಕೊಡಲಿ, ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ಇಟ್ಟ.

"ಅಬ್ಬಾ ಕೊಟ್ಟ ಕಳಿಸ್ಯಾರ್ರೀ ಕಾಕಾ. ನಿಮ್ಮದೇನೂ ನಮ್ಮ ಮನ್ಯಾಗ ಇರಬಾರದಂತ" ಎಂದ. ಅವನ ಕಣ್ಣು ಕೆಂಪಾಗಿತ್ತು. ಶಿವಯೋಗಿ ಕಣ್ಣು ನೋಡಲಿಲ್ಲ, ಏಣಿ ನೋಡಿದ. ಅವನಿಗೆ ಪರಮಾನಂದವಾಯಿತು. ಹೇಳದೆಯೇ ಬಂದೇನವಾಜನಿಗೆ ಪಾಠ ತಿಳಿದುಬಿಟ್ಟಿದೆ! ಗಟ್ಟಿ ಗೆಳೆತನದ ಲಕ್ಷಣ ಇದೇ ಅಲ್ಲವೇ!

ಆನಂದ ಸಂಜೆಯವರೆಗೆ ಬಾಳಿತು. ಚಹಾದಂಗಡಿಗೆ ಹೋದರೆ ಬಂದೇನವಾಜ ಆಗಲೇ ಕೂತು ಇಡೀ ಚಹಾವನ್ನು ಒಬ್ಬನೇ ಕುಡಿಯುತ್ತಿದ್ದ. ಇವನನ್ನು ಕಂಡು ಎದ್ದು ನಿಂತು, "ಬರ್ರಿ, ಕುಂದರ್ರಿ. ನಾವು ಬರ್ತೇವ್ರಿ" ಎಂದು ಹೋಗಿಬಿಟ್ಟ. ಹುಟ್ಟಿದಾಗಿನಿಂದ ಅವನ ಬಾಯಿಂದ ‘ಲೇ’ ಬಿಟ್ಟು ಬೇರೆ ಕೇಳದ ಶಿವಯೋಗಿಗೆ, ಮುಖದ ಮೇಲೆ ಬಾಗಿಲು ಹಾಕಿದಂತಾಯಿತು. ಒಂದು ಚಹಾ ತರಿಸಿಕೊಂಡ. ಅರ್ಧ ಕುಡಿದ. ಉಳಿದರ್ಧ ಯಾರಿಗೆ ಕೊಡಬೇಕೆಂದು ತಿಳಿಯದೆ ಆ ಕಡೆ ಈ ಕಡೆ ನೋಡಿ, ಹಾಗೇ ಬಿಟ್ಟು ಬಂದ.

ರಾತ್ರಿಯಿಡೀ ಹೊರಳಾಡಿ ಬೆಳಿಗ್ಗೆ ವೀರೇಶನಿಗೆ ಫೋನು ಮಾಡಿದ. ವೀರೇಶ ಅತ್ತ ಬೇರೆ ಶಿಬಿರದಲ್ಲಿ ನೂಲಿನ ಉಂಡೆ ಬಿಚ್ಚುತ್ತಿದ್ದನೆಂದು ಕಾಣುತ್ತದೆ. "ಗೆಳೆಯ ಸುಮ್ಮನಾಗಿದ್ದಾರೆ ಅಂದ್ರೆ ಅವರಿಗೆ ಜಾಗ ಬೇಕಾಗಿದೆ ಸರ್, ಕೊಡಿ" ಎಂದು ಅವಸರದಲ್ಲಿ ಹೇಳಿ ಇಟ್ಟ. ಶಿವಯೋಗಿ ಜಾಗ ಕೊಟ್ಟ. ಮಿಲ್ಲಿಗೆ ಹೋಗುವಾಗ ಗ್ಯಾರೇಜಿನ ದಾರಿ ಬಿಟ್ಟು ಊರೆಲ್ಲ ಸುತ್ತಿಕೊಂಡು ಹೋದ. ಅವನು ದಾರಿ ತಪ್ಪಿಸಿಕೊಂಡು ಓಡಾಡುವುದನ್ನು ಬಂದೇನವಾಜ ಗ್ಯಾರೇಜಿನಿಂದ ನೋಡಿದ. ನೋಡಿ ನಟ್ಟು ಬಿಗಿಯುವ ಪಾನಾವನ್ನು ಸಾಮಾನಿನ ಪೆಟ್ಟಿಗೆಗೆ ಬಿಸಾಕಿದ ಸದ್ದು ಇಡೀ ಓಣಿಗೆ ಕೇಳಿತಂತೆ. ಇದು ಕಾಶೆವ್ವನ ವರದಿ.

ಶನಿವಾರ ಮಧ್ಯಾಹ್ನ ಬೀಟ್ ಪೊಲೀಸ್ ಲೋಕೇಶ ಮನೆಗೆ ಬಂದ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಗಂಭೀರವಾಗಿ ಕೂತ.

"ಇಲ್ಲಿ ಏನರ ಘಟನಾ ಆಗೇತೇನ್ರಿ?"

"ಇಲ್ಲರೀ ಸಾಹೇಬ್ರ."

"ಡಬ್ಬಿ ವಿಷಯ?"

"ಡಬ್ಬಿ ಕೊಟ್ಟೇನ್ರಿ. ಬಂದೇನವಾಜನ ಮನಿಗೆ."

"ಅದರಾಗ ಏನಿತ್ತು?"

"ಏನೂ ಇರಲಿಲ್ಲರಿ."

ಲೋಕೇಶ ಅನುಮಾನದಿಂದ ಅವನನ್ನೇ ನೋಡಿದ. "ಏನೂ ಇರಲಿಲ್ಲ ಅಂದ್ರ ಹೆಂಗ್ರಿ? ಓಣಿ ತುಂಬ ಮಂದಿ ಅದನ್ನ ಮಾತಾಡಾಕತ್ತಾರ, ಠಾಣೇಕ್ಕ ಫೋನ್ ಬಂದೈತಿ, ನೀವು ನೋಡಿದ್ರ ಏನೂ ಇರಲಿಲ್ಲ ಅಂತೀರಿ!"

"ಖರೇನ ಏನೂ ಇರಲಿಲ್ಲರಿ. ಬೇಕಾದ್ರ ಭಾಭಿನ್ನ ಕೇಳ್ರಿ."

"ಕೇಳೇನ್ರಿ. ಅವರೂ ಏನೂ ಇರಲಿಲ್ಲ ಅಂತ ಅಳಾಕತ್ತಾರ." ಲೋಕೇಶ ಎದ್ದು ಟೊಪ್ಪಿಗೆ ಹಾಕಿಕೊಂಡ. "ನೋಡ್ರಿ, ನಾಳೆ ಹೆಂಗೂ ಅಡಿವೆಯ್ಯನವ್ರ ಖುರ್ಚಿ ಹೇಳ್ಯಾರ. ಅಲ್ಲೇ ಒಂದು ಶಾಂತಿ ಸಭಾ ಮಾಡಿಬಿಡೂಣು. ನೀವಿಬ್ಬರೂ ಬರಬೇಕು. ಎಲ್ಲಾರ ಮುಂದ ನಮ್ಮ ನಡುವ ಏನೂ ಇಲ್ಲ ಅನ್ನಬೇಕು."

ಸಂಜೆಗೆ ಅಡಿವೆಯ್ಯ ಬಟ್ಟೆಯ ಬ್ಯಾನರಿನ ಮೇಲೆ ‘ಗಟ್ಟಿ ಗೆಳೆತನ: ಉಪನ್ಯಾಸ’ ಎಂಬುದರ ಕೆಳಗೆ ಕಾಗದ ಅಂಟಿಸಿ ‘ಹಾಗೂ ಶಾಂತಿ ಸಭೆ’ ಎಂದು ಬರೆಸಿದ್ದ. ಕಣ್ಣಿನ ತಪಾಸಣೆಗೆ ಅರ್ಧ ಖುರ್ಚಿಯೂ ತುಂಬುವ ಭರವಸೆ ಇರಲಿಲ್ಲ. ಈಗ ಇನ್ನಷ್ಟು ಖುರ್ಚಿ ಹೇಳಬೇಕಾಯಿತೆಂದು ಅವನು ಒಳಗೊಳಗೇ ಖುಷಿಯಾಗಿದ್ದ.

ಅದೇ ಹೊತ್ತಿಗೆ ಇಂದೂರಿನಿಂದ ಜ್ಯೋತಿಯ ಫೋನು ಬಂತು. ಕಾಶೆವ್ವನ ಸುದ್ದಿ ತಾಲೂಕಿನ ಗಡಿ ದಾಟಿತ್ತು.

"ಡಬ್ಬಿ ಕೊಟ್ರ್ಯಾ?"

"ಕೊಟ್ಟೇನಿ."

"ಏನ ಹಾಕಿ ಕೊಟ್ರಿ?"

"ಏನೂ ಹಾಕಿಲ್ಲ."

"ಖಾಲಿ?"

"ಖಾಲಿ ಅಂದ್ರ... ತೊಳದು ಕೊಟ್ಟೇನಿ."

"ತೊಳದು ಬ್ಯಾರೆ ಕೊಟ್ರ್ಯಾ!"

"ಬೂದಿ ಹಚ್ಚಿ ತಿಕ್ಕೇನಿ ಜ್ಯೋತಿ. ಮಾರಿ ಕಾಣತಿತ್ತು."

ಆ ಕಡೆ ಅಳುತ್ತಿದ್ದ ಕೂಸನ್ನು ತಂಗಿಯ ಕೈಗೆ ಕೊಟ್ಟದ್ದು ಕೇಳಿಸಿತು. ಆಮೇಲೆ ಜ್ಯೋತಿ ಸಣ್ಣ ದನಿಯಲ್ಲಿ ಹೇಳಿದಳು. "ನೀವು ಕಾಲು ಮುರಕೊಂಡು ಬಿದ್ದಾಗ ಮನ್ಯಾಗ ಹಿಡಿ ಹಿಟ್ಟು ಇರಲಿಲ್ಲ. ದಿನಾ ಆ ಡಬ್ಬ್ಯಾಗ ನಮಗ ಅನ್ನ ಬರತಿತ್ತು. ಆಗೂ ನಾ ಖಾಲಿ ಕೊಟ್ಟಿಲ್ಲ, ಹಿತ್ತಲದಾಗಿನ ಕರಿಬೇವು ಹರದು ಹಾಕಿ ಕೊಟ್ಟೇನಿ. ಖಾಲಿ ಕೊಟ್ರ ಏನರ್ಥ? ನಿಮ್ಮ ಋಣ ಮುಗೀತು, ಇನ್ನ ಈ ಕಡೆ ಹಾಯಬ್ಯಾಡ್ರಿ ಅಂತ. ಅಷ್ಟೂ ತಿಳೀಲಿಲ್ಲೇನ್ರಿ ನಿಮಗ?"

ಶಿವಯೋಗಿ ಫೋನು ಹಿಡಿದುಕೊಂಡೇ ನೆಲಕ್ಕೆ ಕೂತ. ಬರೀ ಅರ್ಥವೆಲ್ಲಿ ಬಂತು, ಅವನು ಅದನ್ನು ಬಾಯಿ ಬಿಟ್ಟು ಹೇಳಿಯೂ ಬಂದಿದ್ದ! ಕೊಡುವುದು ಬೇಡ, ತಗೊಳ್ಳುವುದು ಬೇಡ, ಇಲ್ಲಿತನಕ ಆದದ್ದಕ್ಕೆ ಧನ್ಯವಾದ. ಕೋಲು ಕೊಟ್ಟು ಹೊಡೆಸಿಕೊಂಡವರುಂಟು. ಇವನು ಹೊಡೆದೂ ಬಂದು, ಹೊಡೆಸಿಕೊಂಡವನು ಯಾಕೆ ಮಾತಾಡುತ್ತಿಲ್ಲ ಎಂದು ಹುಬ್ಬಳ್ಳಿಗೆ ಫೋನು ಮಾಡಿ ಕೇಳಿದ್ದ. ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು.

"ಈಗೇನ ಮಾಡ್ಲಿ?"

"ಒಂದು ಹಿಡಿ ಸಕ್ಕರಿ ಒಯ್ದು ಕೊಟ್ಟು ಕೈ ಮುಗೀರಿ. ನಾಳೆ ಮೊದಲನೇ ಬಸ್ಸಿಗೆ ನಾನೂ ಬರ್ತೇನಿ."

ಬೆಳಕು ಹರಿಯುತ್ತಲೇ ಶಿವಯೋಗಿ ಸಕ್ಕರೆಯನ್ನು ಕಾಗದದಲ್ಲಿ ಕಟ್ಟಿ ಅಂಗಿಯ ಜೇಬಿಗಿಟ್ಟುಕೊಂಡು ಹೋದ. ಗುಲ್ಶನ ಬಾಗಿಲಲ್ಲೇ ನಿಂತು ಅವನ ಮಾತನ್ನೆಲ್ಲ ಕೇಳಿಸಿಕೊಂಡಳು. ಶಿಬಿರ, ನೂಲಿನ ಉಂಡೆ, ವ್ಯಾಪಾರ, ಎಲ್ಲವನ್ನೂ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ನಂಗ ಕೊಟ್ರ ಏನ ಬರತೈತ್ರಿ ಅಣ್ಣಾರ? ಊಟ ಬಿಟ್ಟು ಕುಂತಾವ್ರು ಅವ್ರು. ಕುಂಬಾರವಾಡದಾಗ ಯಾರದೋ ಟಿಲ್ಲರ್ ಕೆಟ್ಟೈತಿ ಅಂತ ನಸುಕಿನ್ಯಾಗ ಗಾಡಿ ತಗೊಂಡು ಹೋದ್ರು. ಸಭಾದಾಗ ಕುಂದರೂದು ತಪ್ಪಲಿ ಅಂತ."

ಸಂಜೆ ಬರುತ್ತಾನೆ, ಕಾಯಬಹುದಿತ್ತು. ಕಾಯುವ ಮನುಷ್ಯನಾಗಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಶಿವಯೋಗಿ ಬಸ್ ಸ್ಟ್ಯಾಂಡಿಗೆ ಓಡಿದ. ಜೋಯಿಡಾಕ್ಕೆ ಹೋಗಿ, ಅಲ್ಲಿಂದ ಕುಂಬಾರವಾಡದ ಬಸ್ಸು ಹಿಡಿದ. ಬಸ್ಸು ಕಾಡಿನ ತಿರುವುಗಳಲ್ಲಿ ಹೊಯ್ದಾಡಿತು. ಸೀಟು ಸಿಗದೆ ನಿಂತವನನ್ನು ಹಿಂದಿನವರು ಒತ್ತಿದರು, ಮುಂದಿನವರು ಒತ್ತಿದರು. ಜೇಬಿನ ಕಾಗದ ಹರಿದು ಸಕ್ಕರೆ ಬೆವರಿಗೆ ಕರಗತೊಡಗಿತು. ಒಂದು ತಿರುವಿನಲ್ಲಿ 'ಬರ್ರ್' ಎಂದು ಎದುರಿಗೆ ಒಂದು ಬೈಕು ದಾಟಿ ಹೋಯಿತು. ಮೇಲಿದ್ದವನು ಬಂದೇನವಾಜ.

"ನವಾಜಾ! ಲೇ ನವಾಜಾ!" ಎಂದು ಶಿವಯೋಗಿ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದ. ಕಂಡಕ್ಟರು ಅವನ ಸೊಂಟ ಹಿಡಿದು ಒಳಗೆಳೆದ. "ವಾಂತಿ ಬಂದ್ರ ಮೊದಲ ಹೇಳಬೇಕ್ರಿ."

"ಗಾಡಿ ನಿಂದರಸ್ರಿ! ನಾ ಇಳೀಬೇಕು!"

"ಇಲ್ಲಿ ಇಳದ್ರ ನಿಮ್ಮನ್ನ ಕರಡಿ ಕರಕೊಂಡು ಹೋಗತಾವು. ಕುಂಬಾರವಾಡದಾಗ ಇಳೀರಿ."

ಕುಂಬಾರವಾಡದಲ್ಲಿ ಇಳಿದ. ಬಸ್ಸು ಮುಂದೆ ಹೋಯಿತು. ಚಹಾದಂಗಡಿಯ ಹೆಂಗಸನ್ನು ದಾಂಡೇಲಿಗೆ ಬಸ್ಸು ಎಷ್ಟೊತ್ತಿಗೆಂದು ಕೇಳಿದರೆ ಅವಳು ಕೊಂಕಣಿಯಲ್ಲಿ ಒಳಗೆ ಯಾರನ್ನೋ ವಿಚಾರಿಸಿ, "ನಾಳೆ ಬೆಳಿಗ್ಗೆ" ಎಂದಳು. ಟಿಲ್ಲರ್ ಮೆಕ್ಯಾನಿಕ್ ಆಗಲೇ ಕೆಲಸ ಮುಗಿಸಿ ಹೋದನೆಂದೂ, ಪಾಪ ಊಟಕ್ಕೆ ಕರೆದರೂ ಬರಲಿಲ್ಲವೆಂದೂ ಹೇಳಿದಳು.

ಶಿವಯೋಗಿ ಗದ್ದೆಯ ಬದುವಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದ. ಆ ತುದಿಯಿಂದ ಈ ತುದಿಗೆ ಬಂದ. ಸಂಜೆ ಸಭೆ. ಪೊಲೀಸು ಬರುತ್ತಾನೆ. ತಾನು ಹೋಗದಿದ್ದರೆ ಶಿವಯೋಗಿ ಬೇಕೆಂದೇ ತಪ್ಪಿಸಿಕೊಂಡ ಎನ್ನುತ್ತಾರೆ. ಆಮೇಲೆ ಬಂದೇನವಾಜನ ಮುಖ ನೋಡುವುದು ಈ ಜನ್ಮದಲ್ಲಿಲ್ಲ. ಇಂಥ ಫಜೀತಿಯಾದಾಗ ಅವನು ಯಾವಾಗಲೂ ಒಬ್ಬನಿಗೇ ಫೋನು ಮಾಡುತ್ತಿದ್ದ. ಈ ಸಲ ಫಜೀತಿಯಾದದ್ದೇ ಅವನ ಜೊತೆಗೆ. ಫೋನು ತೆಗೆದ, ಒಳಗಿಟ್ಟ. ಮತ್ತೆ ತೆಗೆದ. ನೆತ್ತಿಯ ಮೇಲಿದ್ದ ಸೂರ್ಯ ಪಡುವಣಕ್ಕೆ ವಾಲುವತನಕ ಇದೇ ನಡೆಯಿತು. ಕೊನೆಗೆ ಸಿಗ್ನಲ್ ಸಿಗುವ ಜಾಗವೆಂದು ಚಹಾದ ಹೆಂಗಸು ತೋರಿಸಿದ ದಿನ್ನೆ ಹತ್ತಿ ನಂಬರು ಒತ್ತಿದ.

ಆ ಕಡೆ ಗಾಳಿಯ ಸದ್ದು. "ಯಾರು?"

"ನಾನು."

"ಯಾವ ನಾನು?"

"ಶಿವಯೋಗಿ. ಕುಂಬಾರವಾಡದಾಗ ಸಿಕ್ಕೊಂಡೇನಿ. ಬಸ್ಸಿಲ್ಲ."

"ಅಲ್ಲೇನ ಕೆಲಸ ನಿನಗ?"

"ನಿನಗ ಸಕ್ಕರಿ ಕೊಡಾಕ ಬಂದಿದ್ದೆ."

ಗಾಳಿಯ ಸದ್ದು ಇನ್ನೂ ಜೋರಾಯಿತು. ಆಮೇಲೆ, "ಅಲ್ಲೇ ಸಾಯಿ!" ಎಂದು ಫೋನು ಕಡಿಯಿತು.

ಬಹುವಚನ ಹೋಗಿತ್ತು. ಆದರೆ ಬಸ್ಸೂ ಹೋಗಿತ್ತು. ಸಾಯಿ ಅಂದದ್ದನ್ನು ಪ್ರೀತಿಯೆಂದು ತಿಳಿಯಬೇಕೋ ಸೂಚನೆಯೆಂದು ತಿಳಿಯಬೇಕೋ ಎಂದು ಅವನು ದಿನ್ನೆಯ ಮೇಲೆ ಚಡಪಡಿಸುತ್ತಿರುವಾಗಲೇ ದೂರದಲ್ಲಿ ಬೈಕಿನ ಸದ್ದು ಕೇಳಿತು. ಬಂದೇನವಾಜ ಬಂದು ನಿಂತ. ಇಳಿಯಲಿಲ್ಲ. ಶಿವಯೋಗಿ ಓಡಿ ಹೋಗಿ, ಜೇಬಿನಲ್ಲಿ ಅಂಟಂಟಾಗಿ ಉಳಿದಿದ್ದ ಸಕ್ಕರೆಯನ್ನು ಬೆರಳಿನಿಂದ ಕೆರೆದು ಮುಂದೆ ಹಿಡಿದ.

"ಇರಿವಿ ಹತ್ಯಾವು" ಎಂದ ಬಂದೇನವಾಜ.

"ಝಾಡಿಸಿ ಕೊಡ್ಲ್ಯಾ?"

"ಇರ್ಲಿ ಕೊಡು." ಬಾಯಿಗೆ ಹಾಕಿಕೊಂಡ. ಅಗಿದ. ಆಮೇಲೆ ಶುರುವಾಯಿತು. ಶಿವಯೋಗಿಯನ್ನು ಹಿಂದೆ ಕೂರಿಸಿಕೊಂಡು ಜೋಯಿಡಾ ದಾಟಿ ದಾಂಡೇಲಿ ಮುಟ್ಟುವತನಕ ಬಂದೇನವಾಜ ಬೈದ. ಕನ್ನಡದಲ್ಲಿ ಬೈದ, ಉರ್ದುವಿನಲ್ಲಿ ಬೈದ, ಎರಡೂ ಸಾಲದಾದಾಗ ಬೈಕು ನಿಲ್ಲಿಸಿ ಕೆಳಗಿಳಿದು ಕೈ ಮಾಡಿ ಬೈದು ಮತ್ತೆ ಹತ್ತಿದ. ಹಿಂದೆ ಕೂತ ಶಿವಯೋಗಿ ಹೂಂಗುಟ್ಟುತ್ತ, ಕಣ್ಣು ಒರೆಸಿಕೊಳ್ಳುತ್ತ, ಇಂಥ ಸುಖ ತನಗೆ ಈ ವಾರವಿಡೀ ಸಿಕ್ಕಿರಲಿಲ್ಲವಲ್ಲ ಎಂದುಕೊಂಡ.

ಅಂಬೇವಾಡಿಯಲ್ಲಿ ಖುರ್ಚಿಗಳೆಲ್ಲ ತುಂಬಿ ಜನ ಗೋಡೆ ಹತ್ತಿದ್ದರು. ಮುಖ್ಯ ಜಗಳಗಾರರೇ ಇಲ್ಲದ ಸಭೆಯನ್ನು ಅಡಿವೆಯ್ಯ ಹೇಗೋ ಎಳೆಯುತ್ತಿದ್ದ. ಸ್ವಾಗತ ಎರಡು ಸಲ ಆಗಿತ್ತು. ಕಾಶೆವ್ವನನ್ನು ಮೈಕಿನ ಮುಂದೆ ಕೂರಿಸಿದ್ದರಿಂದ ಅವಳು ಸೋಬಾನೆಯ ಹಾಡಿನ ಮಧ್ಯದಲ್ಲಿದ್ದಳು. ಹೆಂಗಸರ ಸಾಲಿನಲ್ಲಿ ಗುಲ್ಶನ, ಅವಳ ಪಕ್ಕದಲ್ಲಿ ಇಂದೂರಿನಿಂದ ನೇರ ಬಂದ ಜ್ಯೋತಿ. ಇಬ್ಬರು ಗಂಡಸರೂ ಒಂದೇ ಬೈಕಿನಲ್ಲಿ, ಮೈತುಂಬ ಕೆಂಪು ಧೂಳಾಗಿ ಬಂದಿಳಿದದ್ದು ಕಂಡು ಸಭೆಯಲ್ಲಿ ನಿರಾಸೆಯ ಒಂದು ಗುಜುಗುಜು ಎದ್ದಿತು.

"ಮಾತಾಡ್ರಿ, ಮಾತಾಡ್ರಿ" ಎಂದು ಅಡಿವೆಯ್ಯ ಮೈಕನ್ನು ಕಾಶೆವ್ವನ ಕೈಯಿಂದ ಕಿತ್ತು ಶಿವಯೋಗಿಗೆ ಕೊಟ್ಟ. ಶಿವಯೋಗಿ ಎದ್ದು ನಿಂತ. ಹಳಿಯಾಳದ ಪಾಠದಲ್ಲಿ ಒಂದಕ್ಷರವೂ ನೆನಪಿಗೆ ಬರಲಿಲ್ಲ.

"ನಂಗ ಭಾಷಣ ಬರಂಗಿಲ್ಲರಿ. ಇವತ್ತ ನಾ ಕುಂಬಾರವಾಡದಾಗ ಸಿಕ್ಕೊಂಡಿದ್ದೆ. ಫೋನ್ ಮಾಡಬೇಕಂದ್ರ ಒಬ್ಬನ ನಂಬರ ನೆನಪಾತು. ಅಂವಗ ನಾ ಮಾರಿ ತೋರಸಬಾರದಂಥಾ ಕೆಲಸಾ ಮಾಡಿದ್ದೆ. ಆದ್ರೂ ಮಾಡಿದೆ. ಬಂದ." ಮೈಕು ಕೆಳಗಿಳಿಸಿದ.

"ಅಷ್ಟ?" ಎಂದಳು ಕಾಶೆವ್ವ.

"ಅಷ್ಟ."

ಯಾರೋ ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು. ಅಷ್ಟರಲ್ಲಿ ಬಂದೇನವಾಜ ಖುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದ.

"ಸುಳ್ಳ ಹೇಳ್ತಾನ್ರಿ ಇಂವಾ! ಫೋನ್ ಮಾಡಿದಾ ಅಂತ ನಾ ಹೋಗಿಲ್ಲ. ಮನೀಗೆ ಬಂದಾಗ ಇಕಿ ಹೇಳಿದ್ಲು, ನಿಮ್ಮ ಹುಚ್ಚ ಕುಂಬಾರವಾಡದ ಬಸ್ ಹತ್ತ್ಯಾನ ಅಂತ. ಅಲ್ಲಿಂದ ತಿರುಗಿ ಬಸ್ಸಿಲ್ಲ ಅಂತ ಇವಗ ಎಲ್ಲಿ ಗೊತ್ತಿರತೈತಿ? ನಿಂತ ಕಾಲ ಮ್ಯಾಲೆ ಹೊಳ್ಳಿ ಹೋದೆ. ಇವನ ಫೋನ್ ಬಂದಾಗ ನಾ ಜೋಯಿಡಾ ದಾಟಿದ್ದೆ!"

ಶಿವಯೋಗಿ ಬಾಯಿ ತೆರೆದು ಅವನನ್ನೇ ನೋಡಿದ. "ದಾಟಿದ್ದ್ಯಾ? ಮತ್ತ ಅಲ್ಲೇ ಸಾಯಿ ಅಂತ ಯಾಕಂದಿ?"

"ನಿನಗ ಬುದ್ಧಿ ಬರಲಿ ಅಂತ!"

"ಅರ್ಧ ತಾಸು ನಾ ಆ ದಿನ್ನಿ ಮ್ಯಾಲೆ ಜೀವ ಕೈಯಾಗ ಹಿಡಕೊಂಡು ನಿಂತಿದ್ದೆ ಮಗನ!"

"ನಾ ಮೂರು ದಿನಾ ಹಿಡಕೊಂಡಿದ್ದೆ, ಅದಕ್ಕೇನಂತಿ? ಬೂದಿ ಹಚ್ಚಿ ತೊಳದು ಕೊಡ್ತಾನ್ರಿ, ಬೂದಿ ಹಚ್ಚಿ!"

"ಸ್ವಚ್ಛ ಇರಲಿ ಅಂತ ತೊಳದೆ!"

"ನಿನ್ನ ತಲಿ ತೊಳ್ಕೊಬೇಕಿತ್ತು ಮೊದಲ!"

ಇಬ್ಬರೂ ಎದೆಗೆ ಎದೆ ತಾಗಿಸಿ ನಿಂತರು. ಮೈಕು ಇನ್ನೂ ಚಾಲೂ ಇದ್ದದ್ದರಿಂದ ಒಂದೊಂದು ಬೈಗುಳವೂ ಕಾಗದದ ಮಿಲ್ಲಿನವರೆಗೆ ಕೇಳಿಸುತ್ತಿತ್ತು. ಗೋಡೆಯ ಮೇಲಿದ್ದವರು ಕೆಳಗೆ ಹಾರಿದರು. ಅಡಿವೆಯ್ಯ ಖುರ್ಚಿಗಳಿಗೆ ಅಡ್ಡ ನಿಂತ. ಶಾಂತಿ ಸಭೆಯಲ್ಲೇ ಶಾಂತಿ ಕೆಡುವುದನ್ನು ಕಂಡು ಲೋಕೇಶ ಲಾಠಿ ಹಿಡಿದು ಇಬ್ಬರನ್ನೂ ಬಿಡಿಸಲು ವೇದಿಕೆಯ ಕಡೆ ಧಾವಿಸಿದ.

ಹೆಂಗಸರ ಸಾಲಿನಿಂದ ಗುಲ್ಶನ ಎದ್ದು ಅವನಿಗೆ ಅಡ್ಡ ಬಂದಳು.

"ಕುಂದರ್ರೀ ಸಾಹೇಬ್ರ, ಬಿಡಸಬ್ಯಾಡ್ರಿ" ಎಂದಳು. "ಈಗ ಸರಿಹೋದ್ರು."